ಒಂದು ಗಂಟೆಗೆ ಚನ್ನರಾಯಪಟ್ಟಣ

ಅಂಗಡಿಯ ದೊರೆಸ್ವಾಮಿ ಸೀರೆಯ ತುದಿ ಹಿಡಿದು ಕೊಡವಿದಾಗ ಅದು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ತಿಳಿನೀಲಿ ಮೈ, ಅಂಚಿಗೆ ಬೆಳ್ಳಿ ಜರಿ. ಬಿಳಿಯ ಗಾದಿಯ ಮೇಲೆ ಅದು ನಿಧಾನಕ್ಕೆ ಇಳಿಯುವವರೆಗೂ ಸರ್ವಮಂಗಳಾ ಉಸಿರು ಹಿಡಿದು ನೋಡಿದಳು. ಮೋಡದ ಮೇಲೆ ಹೋದವರಿಗೆ ಆಕಾಶ ಹೀಗೇ ಕಾಣುತ್ತದೇನೋ ಅನ್ನಿಸಿತು.

"ಇದು ಬ್ಯಾಡ ಬುಡಪ್ಪ," ಎಂದರು ಅತ್ತೆ ದೇವಿರಮ್ಮ. "ಮುಹೂರ್ತಕ್ಕೆ ಯಾರಾದ್ರೂ ನೀಲಿ ಉಡ್ತಾರಾ? ಅರಿಶಿನ ತೆಗಿ, ಕೆಂಪು ತೆಗಿ."

ದೊರೆಸ್ವಾಮಿ ಆಕಾಶವನ್ನು ಮಡಿಚಿ ಪಕ್ಕಕ್ಕಿಟ್ಟ.

ಲಷ್ಕರ್ ಮೊಹಲ್ಲಾದ ಆ ಜವಳಿ ಅಂಗಡಿಯಲ್ಲಿ ಅವರು ಕೂತು ಎರಡು ಗಂಟೆಯಾಗಿತ್ತು. ಭಾವ ಸದಾಶಿವಯ್ಯನವರ ಮಗಳು ಸೌಮ್ಯಶ್ರೀಗೆ ಮದುವೆ. ಉಡುಗೊರೆ ಸೀರೆಗಳನ್ನೆಲ್ಲ ಭಾವ ಪರಿಚಯದ ಮಗ್ಗದವರಿಂದ ಮೊದಲೇ ತಂದಿಟ್ಟಿದ್ದರು. ಉಳಿದಿದ್ದು ಮುಹೂರ್ತದ ಸೀರೆ ಒಂದೇ. ಸರ್ವಮಂಗಳಾಳ ಗಂಡ ಸಿದ್ದಲಿಂಗಸ್ವಾಮಿ ಗಾದಿಯ ಮೂಲೆಯಲ್ಲಿ, ಚಪ್ಪಲಿ ಬಿಟ್ಟ ಕಡೆಗೆ ಕೂತು, ಆಗಾಗ ಅಂಗಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಜೇಬಿನಲ್ಲಿ ಕಾರ್ಡಿತ್ತು.

ಅವನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದುಕೊಂಡು ಸೀಟಿ ಊದುವ ಕೆಲಸ. ಐದು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಟೈ ಕಟ್ಟಿದವನೊಬ್ಬ ಬಸ್ಸು ತಡವಾದ ಅರ್ಧ ಗಂಟೆಯಲ್ಲೇ ಅವನಿಗೆ ಈ ಕ್ರೆಡಿಟ್ ಕಾರ್ಡು ಅಂಟಿಸಿ ಹೋಗಿದ್ದ. ಕಾರ್ಡಿನಲ್ಲಿ ಸಾಮಾನು ಕೊಂಡಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ವಿಮಾನದ ಟಿಕೆಟ್ಟು. ಕಂಟ್ರೋಲರ್ ಸಂಬಳದಲ್ಲಿ ಕೊಳ್ಳುವುದು ಏನು ಮಹಾ ಇರುತ್ತದೆ? ಅವನು ನೆಂಟರ ಸಾಮಾನು ಕೊಂಡ. ಯಾರ ಮನೆಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಜೊತೆಗೆ ಹೋಗಿ ಕಾರ್ಡು ಉಜ್ಜುವುದು, ಅವರಿಂದ ನಗದು ಇಸಕೊಂಡು ಮರುದಿನವೇ ಬ್ಯಾಂಕಿಗೆ ಕಟ್ಟುವುದು. ಬನ್ನಿಮಂಟಪದ ಚಿಕ್ಕಪ್ಪನ ಫ್ರಿಜ್ಜು, ಷಡ್ಡಕನ ಟೀವಿ, ಯಾರ ಯಾರದೋ ಬೀರು, ಮಂಚ. ನೆಂಟರು ಅವನಿಗೆ ವಿಮಾನಸ್ವಾಮಿ ಎಂದೇ ಹೆಸರಿಟ್ಟಿದ್ದರು.

ಸರ್ವಮಂಗಳಾ ನಗುತ್ತಿದ್ದಳು, ಆದರೆ ಬೇಡ ಅಂದವಳಲ್ಲ. ಕುಂಬಾರಕೊಪ್ಪಲಿನ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷಿನ್ನಿತ್ತು. ಬೆಳಗಿನಿಂದ ರವಿಕೆ, ಫಾಲ್ಸು, ಕಾಜ. ಹದಿನೆಂಟು ವರ್ಷದಿಂದ ಅವಳ ಕಣ್ಣು ಸೂಜಿಗಿಂತ ದೂರದ್ದನ್ನು ನೋಡಿದ್ದು ಕಡಿಮೆ. ಮದುವೆಯ ಹೊಸದರಲ್ಲಿ, ತಾರಸಿಯ ಮೇಲೆ ಸಂಡಿಗೆ ಒಣಹಾಕುವಾಗ, ಎಲ್ಲಿಗೋ ಹೋಗುವ ವಿಮಾನವೊಂದನ್ನು ಕಂಡು, "ಅಲ್ಲಿಂದ ನಮ್ಮ ಸಂಡಿಗೆ ಕಾಣ್ತದೇನ್ರೀ?" ಎಂದು ಕೇಳಿದ್ದಳು. ಅವಳು ಮರೆತಿದ್ದಳು. ಅವನು ಮರೆತಿರಲಿಲ್ಲ.

ಭಾನುವಾರ ಊಟವಾದ ಮೇಲೆ ಅವನು ಚಾಪೆಯ ಮೇಲೆ ಅಂಗಾತ ಮಲಗಿ ಪ್ರಯಾಣ ಶುರುಮಾಡುತ್ತಿದ್ದ.

"ಹನ್ನೆರಡು ನಲವತ್ತೈದು. ಬೆಂಗಳೂರು ಬಿಡ್ತು. ಈಗ ನೆಲಮಂಗಲ. ಈಗ ಕುಣಿಗಲ್."

"ಕುಣಿಗಲ್ಲಲ್ಲಿ ಕಾಫಿಗೆ ನಿಲ್ಸಲ್ವಾ?" ಮಷಿನ್ನು ತುಳಿಯುತ್ತಲೇ ಅವಳು ಕೇಳುತ್ತಿದ್ದಳು.

"ನಾನ್‌ಸ್ಟಾಪು ಕಣೇ. ಅಗೋ, ಚನ್ನರಾಯಪಟ್ಟಣ, ಹಾಸನ. ಘಾಟಿ ಇಳಿದ್ವಿ. ಈಗ ನೋಡು, ಸಮುದ್ರ!"

ಮಷಿನ್ನಿನ ಚಕ್ರದ ಗುಂಯ್ ಸದ್ದು, ಅವನ ನಿದ್ದೆಗಣ್ಣಿನ ಮಾತು, ಕಿಟಕಿಯ ಬಿಸಿಲು ಎಲ್ಲ ಸೇರಿ ಆ ಕೋಣೆ ನಿಜಕ್ಕೂ ನೆಲ ಬಿಟ್ಟು ಒಂದು ಮೊಳ ಮೇಲೇಳುತ್ತಿತ್ತು. ಸಮುದ್ರ ಬರುವಷ್ಟರಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ. ಮಗಳು ಅಕ್ಷತಾ ಮಾತ್ರ ಈ ಆಟಕ್ಕೆ ಬರುತ್ತಿರಲಿಲ್ಲ. ಹನ್ನೊಂದು ವರ್ಷದ ಅವಳಿಗೆ ನಂಜನಗೂಡಿಗೆ ಹೋದರೂ ಬಸ್ಸಿನಲ್ಲಿ ವಾಂತಿ. "ನೀವಿಬ್ರೂ ಹೋಗ್ಬನ್ನಿ. ನಾನು ಅಜ್ಜಿ ಹತ್ರ ಇರ್ತೀನಿ," ಎಂದು ಮೊದಲೇ ಹೇಳಿಬಿಟ್ಟಿದ್ದಳು.

ಹತ್ತು ಸಾವಿರ ಪಾಯಿಂಟಿಗೆ ಇಬ್ಬರಿಗೆ ಮಂಗಳೂರಿನ ಟಿಕೆಟ್ಟು, ಹೋಗುವುದಕ್ಕೆ ಮಾತ್ರ. ಬರುವುದಕ್ಕೆ ಹೇಗೂ ಬಸ್ಸಿನ ಪಾಸಿತ್ತು. ಇನ್ನು ಮುನ್ನೂರು ಪಾಯಿಂಟು ಬೇಕಿತ್ತು. ಈ ಮಾರ್ಚ್ ತಿಂಗಳು ಮುಗಿದರೆ ಹಳೆಯ ಪಾಯಿಂಟುಗಳೆಲ್ಲ ಬಿದ್ದುಹೋಗುತ್ತಿದ್ದವು. ಅಷ್ಟರೊಳಗೆ ನೆಂಟರಲ್ಲಿ ಬೇರೆ ಯಾವ ಮದುವೆಯೂ ಇರಲಿಲ್ಲ.

ಕೊನೆಗೆ ಸೀರೆ ಸಿಕ್ಕಿತು. ಅರಿಶಿನದ ಬಣ್ಣ, ಕೆಂಪು ಅಂಚು, ಹದಿನಾರು ಸಾವಿರ. ಸೌಮ್ಯಶ್ರೀ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಕಡೆ ತಿರುಗಿದಾಗ ಅಂಗಡಿಯ ದೀಪಗಳೆಲ್ಲ ಅವಳ ಮುಖಕ್ಕೇ ಬಿದ್ದಂತಿತ್ತು. ಸಿದ್ದಲಿಂಗಸ್ವಾಮಿ ಎದ್ದು ನಿಂತ. ಕಾರ್ಡು ಹೊರಗೆ ಬಂತು.

"ಯಾವಾಗಿನಂಗೇ ಅಲ್ವಾ ಸ್ವಾಮಿ?" ಎಂದ ದೊರೆಸ್ವಾಮಿ, ಕಾರ್ಡು ಉಜ್ಜುವ ಮಷಿನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಆ ಎರಡು ಪರ್ಸೆಂಟು ನೀವೇ ಬೇರೆ ಕೊಡ್ತೀರಿ ತಾನೆ?"

"ಆಮೇಲೆ ಮಾತಾಡೋಣ," ಎಂದ ಸಿದ್ದಲಿಂಗಸ್ವಾಮಿ ಗಡಿಬಿಡಿಯಿಂದ.

"ಯಾವ ಎರಡು ಪರ್ಸೆಂಟು?" ಸರ್ವಮಂಗಳಾ ಕೇಳಿದಳು.

"ಕಾರ್ಡಿಗೆ ಬ್ಯಾಂಕಿನೋರು ನಮ್ಮತ್ರ ಹಿಡ್ಕೊಳ್ತಾರಲ್ಲ ತಾಯಿ, ಅದು. ಯಜಮಾನ್ರು ಒಂದು ಸಲಾನೂ ನೆಂಟರ ಮೇಲೆ ಹಾಕಿಲ್ಲ. ದೊಡ್ಡ ಮನಸ್ಸು."

ಅವಳು ಗಂಡನ ಮುಖ ನೋಡಿದಳು. ಫ್ರಿಜ್ಜು, ಟೀವಿ, ಬೀರು, ಐದು ವರ್ಷದ ಮದುವೆಗಳು. ತುಟ್ಟಿಭತ್ಯೆಯ ಬಾಕಿ ಬಂದಾಗಲೂ ಇವನ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ ಏಕೆಂದು ಈಗ ತಿಳಿಯಿತು. ಆ ದುಡ್ಡು ಕೂಡಿಟ್ಟಿದ್ದರೆ ಟಿಕೆಟ್ಟೇ ಬಂದುಬಿಡುತ್ತಿತ್ತಲ್ಲ! ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಅಷ್ಟರಲ್ಲಿ ದೇವಿರಮ್ಮ ಕನ್ನಡಕ ಏರಿಸಿದರು. "ಅದೇನಪ್ಪಾ ಅದು ಉಜ್ಜೋದು? ಸದಾಶಿವ ದುಡ್ಡು ತಂದವ್ನಲ್ಲ."

"ಅವ್ವ, ಇವತ್ತು ಇದರಲ್ಲಿ ಕೊಟ್ಟು, ಬ್ಯಾಂಕಿಗೆ ನಾವು ಆಮೇಲೆ ಕಟ್ಟೋದು," ಎಂದ ಸಿದ್ದಲಿಂಗಸ್ವಾಮಿ. "ಅಣ್ಣ ನನ್ನ ಕೈಗೆ ದುಡ್ಡು ಕೊಡ್ತಾನೆ."

"ಇವತ್ತು ತಗೊಂಡು ಆಮೇಲೆ ಕಟ್ಟೋದಾ? ನಮ್ಮ ಕಾಲದಲ್ಲಿ ಅದಕ್ಕೆ ಸಾಲ ಅಂತಿದ್ರು."

"ಸಾಲ ಅಲ್ಲ ಕಣವ್ವ, ಕಾರ್ಡು!"

"ಪ್ಲಾಸ್ಟಿಕ್ಕಿನ ಸಾಲ ಅನ್ನು. ಫ್ರಿಜ್ಜು ಅಂಗೆ ತತ್ತಾರೋ, ಮಂಚ ಅಂಗೆ ತತ್ತಾರೋ, ನಾನು ಬಾಯಿ ಬಿಟ್ಟಿಲ್ಲ. ಮುಹೂರ್ತದ ಸೀರೆ ಮಾತ್ರ ಸಾಲದಲ್ಲಿ ಮನೆಗೆ ಬರಬಾರದು. ಎಲೆ ಅಡಿಕೆ ಜೊತೆ ನಗದು ಇಟ್ಟು ತಗೋಬೇಕು. ನನ್ನ ಸೀರೆನೂ ಅಂಗೇ, ಈ ಮಂಗಳನ ಸೀರೆನೂ ಅಂಗೇ ತಂದಿದ್ದು."

ಸದಾಶಿವಯ್ಯ ಕೈಯಲ್ಲಿದ್ದ ನೋಟಿನ ಕಟ್ಟನ್ನು ತಿರುಗಿಸುತ್ತ ನಿಂತರು. ತಮ್ಮನಿಗೆ ಮಾತು ಕೊಟ್ಟಿದ್ದರು. "ಹೋಗ್ಲಿ ಬಿಡವ್ವ, ಅವನ ಐದು ವರ್ಷದ ಆಸೆ," ಎಂದವರು ತಾಯಿಯ ಮುಖ ನೋಡಿ ನಿಲ್ಲಿಸಿದರು. "ಮಂಗಳಾ, ನೀನೇ ಹೇಳಮ್ಮ. ನೀನು ಉಜ್ಜಲಿ ಅಂದ್ರೆ ಉಜ್ಜಲಿ. ಅವ್ವನ್ನ ನಾನು ಸಮಾಧಾನ ಮಾಡ್ತೀನಿ."

ಎಲ್ಲರೂ ಅವಳ ಕಡೆ ತಿರುಗಿದರು. ಸಿದ್ದಲಿಂಗಸ್ವಾಮಿ ಹೊರಡಲು ಸೀಟಿಗೆ ಕಾದ ಬಸ್ಸಿನಂತೆ ನಿಂತಿದ್ದ. ಹೂಂ ಅನ್ನಬೇಕೆಂದೇ ಸರ್ವಮಂಗಳಾ ಬಾಯಿ ತೆರೆದಳು. ಆಗ ಕನ್ನಡಿಯಲ್ಲಿ ಸೌಮ್ಯಶ್ರೀ ಕಂಡಳು. ಹುಡುಗಿಯ ಕೈ ಸೆರಗಿನಿಂದ ಮೆಲ್ಲಗೆ ಸರಿಯುತ್ತಿತ್ತು, ಬಿಸಿ ಪಾತ್ರೆಯಿಂದ ಸರಿದ ಹಾಗೆ. ನಾಳೆ ಗಂಡನ ಮನೆಯಲ್ಲಿ ಏನೇ ಹೆಚ್ಚುಕಡಿಮೆಯಾದರೂ ಸಾಲದ ಸೀರೆ ಅನ್ನುವ ಈ ಮಾತು ಅವಳ ಜೊತೆಗೇ ಇರುತ್ತದೆ.

"ನಗದೇ ಕೊಟ್ಬುಡಿ ಭಾವ," ಎಂದಳು. "ಅತ್ತೆ ಹೇಳಿದಂಗೇ ಆಗ್ಲಿ."

ದೊರೆಸ್ವಾಮಿ ಎಲೆ ಅಡಿಕೆ ತರಿಸಿದ. ಕಾರ್ಡು ಜೇಬಿಗೆ ಹೋಯಿತು.

ಆ ಭಾನುವಾರ ಊಟವಾದ ಮೇಲೆ ಅವನು ಚಾಪೆ ಹಾಸಲಿಲ್ಲ. ಅಂಗಳದಲ್ಲಿ ಕೂತು ಸ್ಕೂಟರಿನ ಪ್ಲಗ್ಗು ಉಜ್ಜಿದ. ಮಷಿನ್ನಿನ ಮುಂದೆ ಕೂತ ಸರ್ವಮಂಗಳಾಗೆ ಕೋಣೆ ನೆಲಕ್ಕೆ ಕಚ್ಚಿಕೊಂಡಂತೆ ಕಂಡಿತು. ಕುಣಿಗಲ್ ಬರುತ್ತದೇನೋ ಎಂದು ಎರಡು ಸಲ ಕಾಲು ನಿಲ್ಲಿಸಿ ಕಿವಿಗೊಟ್ಟಳು.

ತಿಂಗಳ ಕೊನೆಯಲ್ಲಿ ಅವನು ಒಂದು ಲಕೋಟೆ ತಂದು ಮಷಿನ್ನಿನ ಮೇಲಿಟ್ಟ. ಒಳಗೆ ಟಿಕೆಟ್ಟು. ಒಂದೇ. ಅವಳ ಹೆಸರಿನದು.

"ಐದು ಸಾವಿರ ಪಾಯಿಂಟಿಗೆ ಒಬ್ಬರದು ಬರ್ತಿತ್ತು. ಉಳಿದದ್ದು ಹೋಯ್ತು."

"ನನಗ್ಯಾಕ್ರೀ? ನೀವು ಹೋಗಿ. ದುಡಿದೋರು ನೀವು, ಎರಡು ಪರ್ಸೆಂಟಿನ ಧಣಿಗಳು."

ಅವನು ನಕ್ಕ. ಎಷ್ಟೋ ದಿನದ ಮೇಲೆ. "ಸಂಡಿಗೆ ಕಾಣ್ತದಾ ಅಂತ ಕೇಳಿದ್ದು ನಾನಾ, ನೀನಾ? ಹೋಗಿ ನೋಡ್ಕೊಂಡು ಬಂದು ಹೇಳು."

"ಒಬ್ಬಳೇನಾ?"

"ಒಬ್ಬಳೇ ಯಾಕೆ? ನಾನು ಕೆಳಗಿಂದ ಬರ್ತೀನಿ. ಪಾಸಿಲ್ವಾ?"

ಏಪ್ರಿಲ್‌ನ ಒಂದು ಬೆಳಿಗ್ಗೆ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವನು ಅವಳ ಕೈಗೆ ಚೀಲ ಕೊಟ್ಟ. ಟಿಕೆಟ್ಟಿಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಮೆಜೆಸ್ಟಿಕ್ಕಿಗೆ ವಾಪಸ್ಸು ಹೋಗಿ ಅವನು ಒಂಬತ್ತೂವರೆಯ ಮಂಗಳೂರು ಬಸ್ಸು ಹಿಡಿಯಬೇಕಿತ್ತು.

"ಸರಿಯಾಗಿ ಕೇಳಿಸ್ಕೊ. ನಿನ್ನದು ಹನ್ನೆರಡು ನಲವತ್ತೈದು. ನಮ್ಮದು ಒಂದು ಗಂಟೆಗೆ ಚನ್ನರಾಯಪಟ್ಟಣ. ಅಲ್ಲಿ ಊಟಕ್ಕೆ ಇಪ್ಪತ್ತು ನಿಮಿಷ ನಿಲ್ಲಿಸ್ತಾನೆ. ನಾನು ಕೆರೆ ಏರಿ ಮೇಲೆ ನಿಂತಿರ್ತೀನಿ."

"ಅಷ್ಟು ಮೇಲಿಂದ ನೀವು ಕಾಣ್ತೀರಾ?"

"ನಾನು ಕಾಣದಿದ್ರೆ ಕೆರೆ ಕಾಣ್ತದಲ್ಲ. ಕೆರೆ ಕಂಡ್ರೆ ನಾನು ಅಲ್ಲೇ ಇದ್ದೀನಿ ಅಂದ್ಕೊ. ಸಾಯಂಕಾಲ ಮಂಗಳೂರು ಬಸ್‌ಸ್ಟ್ಯಾಂಡಲ್ಲಿ ಬೆಂಚಿನ ಮೇಲೆ ಕೂತಿರು. ಸಮುದ್ರ ಇಬ್ರೂ ಒಟ್ಟಿಗೆ ನೋಡೋಣ. ಮೇಲಿಂದ ಕಂಡ್ರೂ ಕಣ್ಣು ಮುಚ್ಕೊ, ಆಯ್ತಾ?"

"ಆಯ್ತು ಹೋಗಿ, ಬಸ್ಸು ತಪ್ತದೆ."

ಹೋಗುತ್ತ ಅವನು ಎರಡು ಸಲ ತಿರುಗಿ ವಾಚು ತೋರಿಸಿದ.

ವಿಮಾನ ಮೇಲೆದ್ದಾಗ ಅವಳ ಪಾದ ತಾನಾಗಿಯೇ ಮಷಿನ್ನು ತುಳಿಯುವಂತೆ ಆಡಿತು. ಆಮೇಲೆ ಎಲ್ಲ ಸದ್ದೂ ಹತ್ತಿಯಲ್ಲಿ ಸುತ್ತಿದ ಹಾಗಾಯಿತು. ಆಕಾಶ ನೀಲಿಯಾಗಿರಲಿಲ್ಲ. ಯಾವ ಬಣ್ಣವೂ ಇರಲಿಲ್ಲ ಅದಕ್ಕೆ, ಬರೀ ಬೆಳಕಿತ್ತು. ಕೆಳಗೆ ಬೇಸಿಗೆಯ ಹೊಲಗಳು, ಕತ್ತರಿಸಿಟ್ಟು ಹೊಲಿಯುವುದನ್ನು ಯಾರೋ ಮರೆತು ಹೋದಂತೆ ಬಿದ್ದಿದ್ದವು. ರಸ್ತೆ ಒಂದು ಎಳೆ ದಾರ. ಅದರ ಮೇಲೆ ಕೆಂಪು ಚುಕ್ಕೆಯೊಂದಕ್ಕಾಗಿ ಹುಡುಕಿದಳು. ರಸ್ತೆಯೇ ಮರಗಳೊಳಗೆ ಕಳೆದುಹೋಗುತ್ತಿತ್ತು. ಇಷ್ಟು ದೂರ ನೋಡಿ ಅಭ್ಯಾಸವಿಲ್ಲದ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ಗಾಜಿಗೆ ಹಣೆಯಿಟ್ಟಳು.

ಕೈಗಡಿಯಾರದಲ್ಲಿ ಒಂದು ಗಂಟೆ. ಬೇಸಿಗೆಗೆ ಕೆರೆ ಬತ್ತಿಹೋಗಿದ್ದರೆ ಏನು ಗತಿ?

ಆಗ ರೆಕ್ಕೆ ಸ್ವಲ್ಪ ವಾಲಿತು. ಕೆಳಗೆ ಒಂದು ಕೆರೆ ಫಳಕ್ಕನೆ ಹೊಳೆಯಿತು. ಅದರಾಚೆ ಇನ್ನೊಂದು. ಎಡಕ್ಕೆ ಮತ್ತೆರಡು. ದೂರದ ಮಬ್ಬಿನಲ್ಲಿ ಐದನೆಯದು, ಆರನೆಯದು. ಬಸ್ಸಿನಲ್ಲೇ ಓಡಾಡಿದ ಗಂಡನಿಗೆ ಗೊತ್ತಿದ್ದದ್ದು ರಸ್ತೆ ಪಕ್ಕದ ಕೆರೆಯೊಂದೇ.

ಪಕ್ಕದ ಸೀಟಿನಾತ ಪೇಪರು ಇಳಿಸಿ ನೋಡಿದ.

ಸರ್ವಮಂಗಳಾ ಮೊದಲನೆಯ ಕೆರೆಗೆ ಕೈ ಬೀಸಿದಳು. ಆಮೇಲೆ ಎರಡನೆಯದಕ್ಕೆ.