ಮಸ್ಟಾಂಗ್ ಮತ್ತೆ ಮಾತು ಕೇಳಿತು

ರಿಚರ್ಡ್ಸ್ ಟೌನಿನ ರಯಾನ್‌ಗೆ ಸೋದರಮಾವ ಬಿಟ್ಟುಹೋದ ಹಳೆಯ ಅಮೆರಿಕನ್ ಮಸ್ಟಾಂಗ್ ಕಾರೆಂದರೆ ಪ್ರಾಣ. ಆದರೆ ಅವನಿಗೆ ಐವತ್ತು ದಾಟಿ, ಬಲಭುಜಕ್ಕೆ ಆಪರೇಷನ್ ಆದಮೇಲೆ ಆ ಕಾರು ಅವನ ಮಾತು ಕೇಳುವುದನ್ನೇ ಬಿಟ್ಟಿತು. ನೇರ ರಸ್ತೆಯಲ್ಲಿ ಗುಡುಗಿಕೊಂಡು ಓಡುತ್ತಿತ್ತು. ತಿರುವು ಬಂದರೆ ಮಾತ್ರ ಸ್ಟೀರಿಂಗ್ ರುಬ್ಬುಗುಂಡಿಗಿಂತ ಭಾರ.

ಒಂದು ಭಾನುವಾರ ಹಲಸೂರು ಕೆರೆಯ ಹತ್ತಿರ ಎಡಕ್ಕೆ ತಿರುಗಿಸಲು ಹೋದಾಗ ಭುಜ ಚಳಕ್ಕೆಂದಿತು, ಕೈ ಸೋತಿತು. ಬ್ರೇಕು ತುಳಿದರೂ ಕಾರು ಹೋಗಿ ಮುನಿಗಂಗಮ್ಮ ಎಂಬ ಮುದುಕಿಯ ಹೂವಿನ ಗಾಡಿಗೆ ತಾಗಿಯೇ ನಿಂತಿತು. ಸೇವಂತಿಗೆಯೆಲ್ಲ ರಸ್ತೆಪಾಲಾಯಿತು. ಬೈಸಿಕೊಳ್ಳಲು ಸಿದ್ಧನಾಗಿಯೇ ರಯಾನ್ ಕೆಳಗಿಳಿದ.

"ಹೂವು ಹೋದ್ರೆ ಹೋಯ್ತು, ನಿಂಗೇನೂ ಆಗ್ಲಿಲ್ವಲ್ಲಪ್ಪ? ನಡುಗ್ತಿದ್ದೀಯ, ಮೊದ್ಲು ಕೂತ್ಕೊ," ಎಂದು ಆಕೆ ತನ್ನ ಸ್ಟೂಲನ್ನೇ ಅವನತ್ತ ತಳ್ಳಿದಳು.

ರಯಾನ್ ಸ್ಟೂಲಿನ ಮೇಲೆ ಕುಸಿದು ಕೂತ. "ಮಾರ್ಬಿಡ್ತೀನಮ್ಮ ಇದನ್ನ. ಇನ್ನು ನನ್ ಕೈಲಾಗಲ್ಲ."

"ಮಾರೋದು ಇದ್ದೇ ಇದೆ. ಲಿಂಗರಾಜಪುರದಲ್ಲಿ ನನ್ ತಮ್ಮ ಮುನಿರಾಜು ಗ್ಯಾರೇಜ್ ಇಟ್ಟವ್ನೆ. ಒಂದ್ಸಲ ತೋರ್ಸು."

ಮುನಿರಾಜು ಕಾರಿನ ಸುತ್ತ ಬಂದು, ಕೆಳಗೆ ತೂರಿ ನೋಡಿ, ತಲೆ ಕೆರೆದುಕೊಂಡ. "ಇಂಥ ಗಾಡಿ ನಾನು ಮುಟ್ಟೇ ಇಲ್ಲ ಸರ್. ಸುಳ್ಳು ಯಾಕೆ ಹೇಳ್ಲಿ? ಟೈಮ್ ಕೊಡಿ, ಇಬ್ರೂ ಸೇರಿ ಕಲಿಯೋಣ."

ಹಾಗೇ ಕಲಿತರು. ಸವೆದ ಸ್ಟೀರಿಂಗ್ ಬಾಕ್ಸ್ ತೆಗೆದು ಪವರ್ ಸ್ಟೀರಿಂಗ್ ಹಾಕಿದರು. ಸ್ಟೀರಿಂಗ್ ಹೂವಿನಷ್ಟು ಹಗುರಾಯಿತು ನಿಜ. ಆದರೆ ವೇಗ ಏರಿದೊಡನೆ ಕಾರು ಕುಡಿದವನಂತೆ ಅತ್ತಿತ್ತ ವಾಲಾಡಿತು. ರಯಾನ್‌ಗೆ ಮೊದಲಿಗಿಂತ ಹೆಚ್ಚು ಭಯವಾಯಿತು.

"ಸಾಕು ಬಿಡಪ್ಪ," ಎಂದ.

"ಇಷ್ಟು ದೂರ ಬಂದು ಬಿಡೋದಾ? ಸುಮ್ನಿರಿ ಸರ್."

ಮುನಿರಾಜು ಮತ್ತೆ ಕಾರಿನಡಿ ಸೇರಿದ. ಮುಂದಿನ ಚಕ್ರಗಳ ಕೀಲುಗಳಿಗೆ ಮೆತ್ತೆಯಂತಿದ್ದ ರಬ್ಬರ್ ಬುಷ್‌ಗಳು ಪುಡಿಪುಡಿಯಾಗಿದ್ದವು, ಹೊಸವನ್ನು ಹಾಕಿದ. ತಿರುಗಿಸಿ ಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವಂತೆ ಅಲೈನ್‌ಮೆಂಟ್ ಬದಲಿಸಿದ. ತಿರುವಿನಲ್ಲಿ ಕಾರು ವಾಲದಿರಲೆಂದು ಅಡಿಯಲ್ಲಿ ದಪ್ಪನೆಯ ಕಂಬಿ ಕೂರಿಸಿದ.

ಮುನಿರಾಜುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲ್ಯಾಣ ನಗರದ ಕಡೆಗೆ ಹೊರಟಾಗ ರಯಾನ್ ಉಸಿರು ಬಿಗಿಹಿಡಿದಿದ್ದ. ರಿಂಗ್ ರೋಡಿನ ತಿರುವು ಬಂತು. ಕಾರು ಅವನ ಮನಸ್ಸು ಓದಿದಂತೆ ತಿರುಗಿ, ನೆಟ್ಟಗೆ ತನ್ನ ದಾರಿ ಹಿಡಿಯಿತು. ಭುಜ ಕಮಕ್ ಕಿಮಕ್ ಅನ್ನಲಿಲ್ಲ. ಸ್ವಲ್ಪ ದೂರ ಹೋಗಿ ಕಾರು ನಿಲ್ಲಿಸಿದ. ಕಣ್ಣು ಮಂಜಾಗಿತ್ತು.

"ಬರೀ ಥ್ಯಾಂಕ್ಸ್ ಅಂದ್ರೆ ಸಾಲಲ್ಲ ಗುರು," ಎಂದು ಮುನಿರಾಜುವಿನ ಗ್ರೀಸು ಮೆತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಾನ್ ಹೇಳ್ಬೇಕು ಸರ್. ಗೊತ್ತಿಲ್ಲ ಅಂದವನ ಕೈಗೆ ನಂಬಿ ಕೊಟ್ರಲ್ಲ."

ರಯಾನ್ ಇಳಿದು ಇನ್ನೊಂದು ಬಾಗಿಲಿಗೆ ಬಂದ. "ಆ ಕಡೆ ಜರುಗು. ಈಗ ನೀನು ಓಡ್ಸು. ಟೆಸ್ಟಿಗಲ್ಲ, ಸುಮ್ನೆ. ಎಲ್ಲಿಗೆ ಬೇಕಾದ್ರೂ."

ಮುನಿರಾಜು ಅಂಗಿಗೆ ಕೈ ಒರೆಸಿಕೊಂಡು ನಾಚುತ್ತ ನಕ್ಕ. "ಹಂಗಾದ್ರೆ ನಮ್ಮನೆಗೆ ಹೋಗೋಣ ಸರ್. ನನ್ ಹೆಂಡ್ತಿ ಭಾಗ್ಯಲಕ್ಷ್ಮಿಗೆ ದಿನಾ ಇದರ ಕಥೆ ಕೇಳಿ ಕೇಳಿ ಸಾಕಾಗಿದೆ. ಒಂದ್ ರೌಂಡ್ ಅವಳೂ ಕೂತ್ಕೊಳ್ಲಿ."