ಹುಳು ಮನೆಯ ಬೀಗದ ಕೈ

ನಮ್ಮ ಅತ್ತೆ ಭಾರತಮ್ಮನವರ ಸೊಂಟದಲ್ಲಿ ಎರಡು ವಸ್ತುಗಳು ಸದಾ ಇರುತ್ತವೆ. ಒಂದು ರೇಷ್ಮೆ ಹುಳು ಮನೆಯ ಬೀಗದ ಕೈ, ಇನ್ನೊಂದು ಎಲೆ ಅಡಿಕೆ ಚೀಲ. ಮೊದಲನೆಯದು ನನಗೆ ಬೇಕಿತ್ತು. ಎರಡನೆಯದು ನನ್ನ ಬೆಳೆ ತಿಂದಿತು. ಹೇಳದಿದ್ದರೆ ಹೊಟ್ಟೆಯ ಉರಿ ಆರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಹುತ್ತೂರಿನ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದು ಮೂರು ವರ್ಷವಾಯಿತು. ಗಂಡ ಮುನೇಶ್ ಟೆಂಪೋ ಓಡಿಸುತ್ತಾರೆ. ಟೊಮೇಟೊ ಸುಗ್ಗಿಯಲ್ಲಿ ಬೆಳಗಿನ ಜಾವವೇ ಬಾಕ್ಸು ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೊರಟರೆ ಮತ್ತೆ ಮುಖ ಕಾಣುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎಲ್ಲವೂ ಅತ್ತೆ ಮತ್ತು ನನ್ನ ಪಾಲಿಗೆ. ಅತ್ತೆಗೆ ಮಂಡಿ ನೋವು. ಸೊಪ್ಪು ಕುಯ್ಯುವವಳು ನಾನು, ಹೊರುವವಳು ನಾನು, ಹಿಕ್ಕೆ ಬಳಿಯುವವಳು ನಾನು. ಬೀಗದ ಕೈ ಮಾತ್ರ ಅವರ ಸೊಂಟದಲ್ಲಿ. ದಿನಕ್ಕೆ ಮೂರು ಸಲ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು ಬಾಗಿಲ ಮುಂದೆ ನಿಂತು "ಅತ್ತೆ, ಬೀಗ" ಎಂದು ಕೂಗಬೇಕು. ಟಿವಿಯಲ್ಲಿ ಸೀರಿಯಲ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಕಾಯಬೇಕು. ದೀಪಾವಳಿಯ ದಿನ ಒಳ್ಳೆಯ ಮನಸ್ಸಿನಲ್ಲಿದ್ದಾಗ ಅವರೇ ಹೇಳಿದ್ದರು, "ಈ ಬೆಳೆ ಚೆನ್ನಾಗಿ ಆಗ್ಲಿ ಕಣೇ ಗಂಗಾ, ಬೀಗ ನಿನ್ ಕೈಗೇ ಕೊಟ್ಬಿಡ್ತೀನಿ. ನನ್ ಕೈಲಿ ಆಗಲ್ಲ." ಆ ಮಾತು ಹಿಡಿದುಕೊಂಡು ನಾನು ನೂರು ಮೊಟ್ಟೆಯ ಚಾಕಿ, ಎಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಒಡೆದ ಸಾವಿರಾರು ಮರಿ ಹುಳುಗಳನ್ನು, ಮಕ್ಕಳ ಹಾಗೆ ನೋಡಿಕೊಂಡೆ.

ಹುಳು ಮನೆಗೆ ಅತ್ತೆಯ ಕಾನೂನುಗಳಿವೆ. ಕಾಲು ತೊಳೆದು ಬರಬೇಕು. ಪೌಡರು ಹಾಕಬಾರದು, ಮಲ್ಲಿಗೆ ಮುಡಿಯಬಾರದು, ಊದುಬತ್ತಿ ಹಚ್ಚಬಾರದು. ಇವೆಲ್ಲ ಸರಿಯಾದ ಮಾತೇ, ಕೋಲಾರದಲ್ಲಿ ಐದು ದಿನ ತರಬೇತಿಗೆ ಹೋದಾಗ ಅಲ್ಲಿಯೂ ಇದನ್ನೇ ಹೇಳಿಕೊಟ್ಟರು. ಜೊತೆಗೆ ಇನ್ನೊಂದು ಹೇಳಿದರು: ಹೊಗೆಸೊಪ್ಪು ಮುಟ್ಟಿದ ಕೈ ಹುಳುವಿಗೆ ವಿಷ. ಬಂದವಳೇ ಅತ್ತೆಗೆ ಹೇಳಿದೆ. ಅವರು ಎಲೆ ಅಡಿಕೆಗೆ ಚಿಟಿಕೆ ಕಡ್ಡಿಪುಡಿ, ಅದೇ ಹೊಗೆಸೊಪ್ಪಿನ ಪುಡಿ, ಸೇರಿಸಿ ಬಾಯಿಗೆ ಹಾಕಿಕೊಳ್ಳುತ್ತಲೇ, "ನೀನು ಹುಟ್ಟೋಕ್ ಮುಂಚಿಂದ ಹುಳ ಸಾಕ್ತಿದ್ದೀನಿ. ಒಳಗೆ ಹಾಕ್ತೀನಾ ನಾನು? ಆಚೆ ಹಾಕ್ಕೊಂಡು ಸೆರಗಿಗೆ ಕೈ ಒರೆಸ್ಕೊಂಡೇ ಹೋಗೋದು. ಐದು ದಿನ ಕಲಿತು ಬಂದ್ಬಿಟ್ಲು ನಂಗೆ ಹೇಳಿಕೊಡೋಕೆ!" ಎಂದರು. ಸೆರಗಿಗೆ ಒರೆಸಿಕೊಂಡರೆ ಹೋಗುತ್ತದಂತೆ!

ಅವರ ಕಾನೂನುಗಳಲ್ಲಿ ಕೊನೆಯದು, ಎಲ್ಲಕ್ಕಿಂತ ದೊಡ್ಡದು, ತಿಂಗಳ ಮೂರು ದಿನ ಹೆಂಗಸು ಹುಳು ಮನೆಯ ಹೊಸಿಲು ತುಳಿಯಬಾರದು ಎಂಬುದು. ತುಳಿದರೆ ಹುಳು ಗೂಡು ಕಟ್ಟುವುದಿಲ್ಲವಂತೆ. ಮೂರು ದಿನ ನಾನು ಹೊರಗೆ ಕೂತರೆ ಈ ಮಂಡಿ ನೋವಿನ ಹೆಂಗಸು ಅಷ್ಟು ಹುಳುವಿಗೆ ಸೊಪ್ಪು ಹಾಕುವುದುಂಟೇ? ಅದಕ್ಕೆ ನಾನು ಮೊದಲ ಬೆಳೆಯಿಂದಲೇ ಸುಳ್ಳು ಹೇಳಿದೆ. ಮೂರು ವರ್ಷದಲ್ಲಿ ಹನ್ನೊಂದು ಬೆಳೆ. ಹನ್ನೊಂದರಲ್ಲೂ ಆ ಮೂರು ದಿನ ಒಳಗೆ ಹೋಗಿದ್ದೇನೆ. ಹನ್ನೊಂದೂ ಒಳ್ಳೆಯ ಗೂಡು. ಅತ್ತೆ ಒಮ್ಮೆ ನಗುತ್ತಾ, "ನಿನ್ ಅದೃಷ್ಟ ನೋಡು, ಹೊರಗಾಗೋದು ಬೆಳೆ ಮುಗಿದ್ಮೇಲೇನೇ" ಎಂದಿದ್ದರು. ಪೆದ್ದಿಯ ಹಾಗೆ ನಾನೂ ನಕ್ಕಿದ್ದೆ.

ಹನ್ನೆರಡನೆಯ ಬೆಳೆಯಲ್ಲಿ ಸಿಕ್ಕಿಬಿದ್ದೆ. ಹುಳು ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಕಳಚಿ, ಎರಡು ದಿನವಾಗಿತ್ತು. ಇನ್ನು ಐದು ದಿನ ಹೊಟ್ಟೆ ತುಂಬ ತಿಂದರೆ ಗೂಡಿಗೆ ಹತ್ತುವ ಹೊತ್ತು. ಹುತ್ತೂರಿನ ಮೆಡಿಕಲ್ ಸ್ಟೋರಿನಲ್ಲಿ ಕಪ್ಪು ಕವರಿನ ಪೊಟ್ಟಣ ತೆಗೆದುಕೊಳ್ಳುವಾಗ ಪಕ್ಕದ ಮನೆಯ ಆದಿಲಕ್ಷ್ಮಮ್ಮ ತಲೆನೋವಿನ ಮಾತ್ರೆಗೆಂದು ಹಿಂದೆಯೇ ನಿಂತಿದ್ದರು. ಅವರು ಆಟೋ ಹತ್ತಿದರು, ನಾನು ಬಸ್ಸಿಗೆ ಕಾದೆ. ನಾನು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಸುದ್ದಿ ಜಗುಲಿ ಹತ್ತಿತ್ತು.

"ಹೊರಗಾಗಿದ್ದೀಯಂತೆ?" ಎಂದರು ಅತ್ತೆ, ಆದಿಲಕ್ಷ್ಮಮ್ಮ ಪಕ್ಕದಲ್ಲೇ ಕೂತಿರುವಾಗ.

"ಹೂಂ ಅತ್ತೆ. ಆದ್ರೆ ಹುಳಕ್ಕೆ ಸೊಪ್ಪು ಹಾಕೋರ್ ಯಾರು? ನೀವೊಬ್ರೇ ಹೆಂಗ್ ಮಾಡ್ತೀರ?"

"ನಾನು ಸತ್ತಿಲ್ಲ. ಮೂರು ದಿನ ಆ ಕಡೆ ತಲೆ ಹಾಕಿದ್ರೆ ನೋಡು!"

ಸಂಜೆ ಮುನೇಶ್ ಬಂದಾಗ ನ್ಯಾಯ ಕೇಳಿದೆ. "ಮೂರು ದಿನ ತಾನೇ ಗಂಗಾ, ಬಿಡು. ಅಮ್ಮನ್ನ ಎದುರು ಹಾಕ್ಕೊಂಡು ಏನ್ ಸಿಗುತ್ತೆ?" ಎಂದು ಊಟದ ತಟ್ಟೆ ನೋಡಿಕೊಂಡು ಹೇಳಿದರು. ಇದೇ ಮನುಷ್ಯ ಟೆಂಪೋಗೆ ಒಂದು ಗೀರು ಬಿದ್ದರೆ ಊರೆಲ್ಲ ಕೇಳುವ ಹಾಗೆ ಕಿರುಚುತ್ತಾರೆ.

ಮೂರು ದಿನ ಹಿತ್ತಲಿನ ಶೀಟಿನ ಕೋಣೆಯಲ್ಲಿ ಕೂತೆ. ಸೊಪ್ಪು ಕುಯ್ಯುವುದಕ್ಕೆ ಅತ್ತೆ ಕೂಲಿಯವಳೊಬ್ಬಳನ್ನು ಕರೆದರು, ಆದರೆ ಹೊರಗಿನವರ ಕಣ್ಣು ಬೀಳಬಾರದೆಂದು ಹುಳು ಮನೆಯೊಳಗೆ ಅವಳನ್ನೂ ಬಿಡಲಿಲ್ಲ. ಎಲ್ಲ ತಾವೇ. ಬಗ್ಗುವುದು, ಏಳುವುದು, "ಅಯ್ಯೋ ದೇವುಡಾ" ಎನ್ನುವುದು ನನಗೆ ಕೇಳುತ್ತಿತ್ತು. ಸುಸ್ತಾದಾಗಲೆಲ್ಲ ಹೊಸಿಲ ಹೊರಗೆ ಕೂತು ಚೀಲ ಬಿಚ್ಚಿ ಎಲೆ ಅಡಿಕೆ ಹಾಕಿಕೊಳ್ಳುವುದೂ ಕಾಣುತ್ತಿತ್ತು. "ಅತ್ತೆ, ಸೋಪು ಹಾಕಿ ಕೈ ತೊಳ್ಕೊಂಡು ಹೋಗಿ" ಎಂದು ಅಲ್ಲಿಂದಲೇ ಕೂಗಿದೆ. "ನೋರು ಮುಯ್ಯವೇ" ಎಂದರು. ಸಿಟ್ಟು ಬಂದರೆ ಅವರ ಬಾಯಿಂದ ತೆಲುಗೇ ಬರುವುದು, ಬಾಯಿ ಮುಚ್ಚೇ ಅಂತ. ಮುಚ್ಚಿಕೊಂಡೆ. ಇವತ್ತಿಗೂ ಅದಕ್ಕೆ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅತ್ತೆಯ ಚೀರಾಟ ಕೇಳಿತು. ಓಡಿದೆ. ಹುಳು ಹರಡಿದ ಅಟ್ಟಣಿಗೆಯಲ್ಲಿ ಅತ್ತೆಯ ಕೈಗೆಟಕುವ ಕೆಳಗಿನ ಎರಡು ಅಂಕಣಗಳಲ್ಲಿ ಹುಳುಗಳು ತಲೆ ಎತ್ತಿ ಅತ್ತ ಇತ್ತ ಒದ್ದಾಡುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಬಹಳಷ್ಟು ಆಗಲೇ ಸತ್ತು ಮುದುರಿದ್ದವು. ಮೇಲಿನ ಎರಡು ಅಂಕಣಗಳಿಗೆ ಅವರು ದೂರದಿಂದ ಕೊಂಬೆ ಎಸೆಯುತ್ತಿದ್ದರು, ಅಲ್ಲಿನ ಹುಳುಗಳು ಅರೆಹೊಟ್ಟೆಯಲ್ಲಿದ್ದರೂ ಚೆನ್ನಾಗಿಯೇ ಇದ್ದವು. ಬಗ್ಗಿ ನೋಡಿದೆ. ಸೊಪ್ಪಿನ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಪುಡಿ. ಒಂದು ಎಲೆ ತೆಗೆದು ಮೂಸಿದೆ. ಕಡ್ಡಿಪುಡಿ.

ಆದಿಲಕ್ಷ್ಮಮ್ಮ ಆಗಲೇ ಬಾಗಿಲಲ್ಲಿದ್ದರು, ಜೊತೆಗೆ ಬೀದಿಯ ಮೂರು ನಾಲ್ಕು ಹೆಂಗಸರು. ಹೊರಗಿನವರ ಕಣ್ಣು ಬೀಳಬಾರದೆಂಬ ಕಾನೂನು ಆವತ್ತು ಎಲ್ಲಿ ಹೋಗಿತ್ತೋ! ಅತ್ತೆ ನನ್ನ ಕಡೆ ತಿರುಗಿ, ಅವರೆಲ್ಲರಿಗೂ ಕೇಳುವ ಹಾಗೆ, "ನಿಜ ಹೇಳು. ಈ ಮೂರು ದಿನದಲ್ಲಿ ಕದ್ದು ಒಳಗೆ ಬಂದಿದ್ಯಾ? ಹೊಸಿಲು ತುಳಿದ್ಯಾ?" ಎಂದು ಕೇಳಿದರು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನ ಮೈಯೆಲ್ಲ ಉರಿದುಹೋಯಿತು.

"ತುಳಿದಿದ್ದೀನಿ ಅತ್ತೆ" ಎಂದೆ. "ಹನ್ನೊಂದು ಬೆಳೆಯಲ್ಲೂ ತುಳಿದಿದ್ದೀನಿ. ಮೂರು ವರ್ಷದಿಂದ ಹೊರಗಾದಾಗ್ಲೆಲ್ಲ ಇದೇ ಮನೇಲಿ, ಇದೇ ಕೈಯಲ್ಲಿ ಸೊಪ್ಪು ಹಾಕಿದ್ದೀನಿ. ಒಂದು ಹುಳನೂ ಸಾಯ್ಲಿಲ್ಲ. ನಾನು ಒಳಗೆ ಬರದೇ ಇದ್ದಿದ್ದು ಇದೊಂದು ಸಲ. ನೋಡ್ಕೊಳ್ಳಿ, ನಿಮ್ಮ ಮಡಿ ಬೆಳೆ!" ಕೈಯಲ್ಲಿದ್ದ ಎಲೆಯನ್ನು ಅವರ ಮೂಗಿನ ಹತ್ತಿರ ಹಿಡಿದೆ. "ಮೂಸಿ. ಇದು ಯಾರ ಮೈಲಿಗೆ ಹೇಳಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಲೆಯ ಮೇಲೆ ಹಾಲಿಟ್ಟ ನೆಪ ಹೇಳಿ ಕರಗಿದರು. ಅತ್ತೆ ಎಲೆ ಮೂಸಲಿಲ್ಲ. ತಮ್ಮ ಬಲಗೈ ಬೆರಳುಗಳನ್ನು ನೋಡಿಕೊಂಡರು, ಸೆರಗಿಗೆ ಒರೆಸಿದರು, ಮತ್ತೆ ನೋಡಿಕೊಂಡರು. ನಾನು ಸತ್ತ ಹುಳುಗಳನ್ನು ಮಂಕರಿಗೆ ಬಳಿಯುತ್ತಾ ಕಣ್ಣೊರೆಸಿಕೊಂಡೆ. ಅತ್ತೆ ಗೋಡೆಗೊರಗಿ ಕೂತರು.

"ನಂಗ್ ಗೊತ್ತಿತ್ತು ಕಣೇ."

"ಏನ್ ಗೊತ್ತಿತ್ತು?"

"ನೀನು ಒಳಗೆ ಬರ್ತಿದ್ದಿದ್ದು. ಪ್ರತಿ ಸಲ ಬೆಳೆ ಮುಗಿದ್ಮೇಲೇನೇ ಯಾರಿಗೇ ಆಗುತ್ತೆ? ಅಷ್ಟೂ ತಿಳಿಯಲ್ವಾ ನಂಗೆ?" ಮಂಡಿ ನೀವಿಕೊಳ್ಳುತ್ತಾ ಹೇಳಿದರು. "ನಿನ್ ವಯಸ್ಸಲ್ಲಿ ನಾನೂ ಬರ್ತಿದ್ದೆ. ನಮ್ಮತ್ತೆಗೂ ಹಿಂಗೇ ಸುಳ್ಳು ಹೇಳ್ತಿದ್ದೆ. ಇನ್ಯಾರಿದ್ರು ಮಾಡೋಕೆ?"

ಮಂಕರಿ ಕೆಳಗಿಟ್ಟೆ. "ಮತ್ತೆ ನನ್ನನ್ಯಾಕೆ ಆಚೆ ಕೂರಿಸಿದ್ರಿ?"

"ಆದಿಲಕ್ಷ್ಮಮ್ಮ ನೋಡ್ಬಿಟ್ಳಲ್ಲೇ. ಊರಿಗೆ ಗೊತ್ತಾದ್ಮೇಲೆ ಹೆಂಗ್ ಬಿಡ್ಲಿ?"

ತಿಳಿಯದೆ ಮಾಡಿದ್ದರೆ ಹಳೆಯ ಕಾಲದವರು ಎಂದು ಕ್ಷಮಿಸುತ್ತಿದ್ದೆ. ತಿಳಿದೂ, ತಾವೂ ಅದೇ ಹೊಸಿಲು ಕದ್ದು ತುಳಿದೂ, ಪಕ್ಕದ ಮನೆಯವಳ ಬಾಯಿಗೆ ಹೆದರಿ ನನ್ನ ಅರ್ಧ ಬೆಳೆ ಕೊಂದರಲ್ಲ! ಆವತ್ತು ಇಡೀ ದಿನ ಅವರಿಗೆ ಊಟ ಬಡಿಸಲಿಲ್ಲ. ತಾವೇ ಬಡಿಸಿಕೊಂಡು ತಿಂದರು. ಮುನೇಶ್ ಬಂದು ಇಬ್ಬರ ಮುಖವನ್ನೂ ನೋಡಿ, ಟೆಂಪೋ ತೊಳೆಯಲು ಹೋದರು.

ಮೇಲಿನ ಅಂಕಣಗಳ ಹುಳುಗಳು ಗೂಡು ಕಟ್ಟಿದವು. ಅರ್ಧ ಬೆಳೆ. ಬೀಗದ ಕೈಯ ಮಾತು ಇಬ್ಬರೂ ಎತ್ತಲಿಲ್ಲ.

ಮುಂದಿನ ಬೆಳೆಗೆ ಚಾಕಿ ತಂದು ಎಂಟು ದಿನಕ್ಕೆ ನಾನು ಹೊರಗಾದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ಜಗುಲಿಯ ಮೇಲೆ ಅತ್ತೆ ಮತ್ತು ಆದಿಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನಾನು ಸೊಪ್ಪಿನ ಹೊರೆ ಹೊತ್ತುಕೊಂಡೇ ಅವರ ಮುಂದೆ ನಿಂತು, ಬೀದಿಗೆ ಕೇಳುವ ಹಾಗೆ, "ಅತ್ತೆ, ನಾನು ಹೊರಗಾಗಿದ್ದೀನಿ. ಹುಳು ಮನೆಗೆ ಹೋಗ್ತಿದ್ದೀನಿ. ಬೀಗ ಕೊಡಿ" ಎಂದೆ.

ಆದಿಲಕ್ಷ್ಮಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಅತ್ತೆ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ನಿಧಾನವಾಗಿ ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಕಡೆ ಎಸೆದರು. ನಾನು ಹಿಡಿದುಕೊಂಡು ಹೊರಟೆ.

ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಅತ್ತೆಯ ಗಂಟಲು ಕೇಳಿಸಿತು.

"ಲೇ ಗಂಗಾ! ಸೋಪು ಹಾಕಿ ಕೈ ತೊಳ್ಕೊಂಡು ಹೋಗೇ!"

ಆ ಮಾತು ಹೇಳುವ ಬಾಯಿ ನೋಡಿ! ಹಲ್ಲು ಕಚ್ಚಿಕೊಂಡು ನಲ್ಲಿಯ ಹತ್ತಿರ ಹೋದೆ, ಸೋಪು ಹಾಕಿಯೇ ತೊಳೆದುಕೊಂಡೆ.