ಕಟಾಂಜನಕ್ಕೆ ಸೊಂಟ ಕೊಟ್ಟವಳು

ಹಾನಗಲ್ಲಿನ ಮಹಾದೇವಕ್ಕ ಯಾರ ಮನೆಗೆ ಹೋದರೂ ಚಹಾ ಮುಟ್ಟುವ ಮೊದಲು ಮಹಡಿ ಹತ್ತುತ್ತಾಳೆ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದು, ಅಲ್ಲಿ ಅಂಚಿಗೆ ತಡೆಯಾಗಿ ನಿಂತ ಕಟಾಂಜನವನ್ನು ಸೊಂಟದಿಂದ ಒಮ್ಮೆ ಬಲವಾಗಿ ದೂಡಿ, ಅದು ಅಲುಗದಿದ್ದರೆ ಮಾತ್ರ ಇಳಿದು ಬಂದು ಕುಳಿತುಕೊಳ್ಳುತ್ತಾಳೆ.

ಆಕೆ ಕಟ್ಟಿಗೆ ಅಡ್ಡೆಯ ಒಡತಿ, ನನ್ನ ಓರಗೆಯವಳು. ಇಳಕಲ್ಲ ಸೀರೆಯ ಮೇಲೆ ತೀರಿಹೋದ ಗಂಡನ ಕರಿಯ ಕೋಟು; ನೆನಪಿಗಾಗಿ ಅಲ್ಲ, ಸೀರೆಗೆ ಜೇಬಿಲ್ಲವೆಂದು. ತೊಲೆಗಳ ಸಂದಿಯಲ್ಲಿ ಓಡಾಡಿದ ರೂಢಿಯಿಂದ ಬಟ್ಟಬಯಲಿನಲ್ಲೂ ಭುಜ ಓರೆ ಮಾಡಿಕೊಂಡೇ ನಡೆಯುತ್ತಾಳೆ. ಕಟಾಂಜನಕ್ಕೆ ಮರ ಕೇಳಿ ಬಂದವರಿಗೆ ಚಂದದ ಮಾತಾಡಗೊಡುವುದಿಲ್ಲ. ಮಹಾನವಮಿಗೆ ಹೊದೆಯುವ ಕೌದಿ ಎಷ್ಟು ತೊಳೆಯುತ್ತೀರಿ ಎಂದು ಕೇಳುತ್ತಾಳೆ. ಒಣಹಾಕಿದ, ನೀರು ಕುಡಿದ ಕೌದಿಗಳ ಸಾಲನ್ನು ಹೊರಲಾರದ್ದು ಆಕೆಯ ಶಾಸ್ತ್ರದಲ್ಲಿ ಕಟಾಂಜನವೇ ಅಲ್ಲ. ಮಳೆಗೆ ನೆನೆಯುವ ಕಡೆ ಸಾಗವಾನಿ ಇಲ್ಲವೆ ಕಬ್ಬಿಣ; ಮಾವಿನ ಹಲಗೆ ಕೇಳಿದವನಿಗೆ ಒಲೆ ತೋರಿಸುತ್ತಾಳೆ. ಅಡ್ಡಪಟ್ಟಿಗಳನ್ನು ಮಕ್ಕಳು ಏಣಿ ಮಾಡಿಕೊಳ್ಳುತ್ತವೆ, ಆದ್ದರಿಂದ ನಿಲುಗಂಬಿಗಳೇ ಆಗಬೇಕು.

ಹೋದ ವೈಶಾಖದಲ್ಲಿ ಶಿಗ್ಗಾವಿಯಲ್ಲಿ ಆಕೆಯ ಮಗಳು ನೇತ್ರಾಳ ಅತ್ತೆಮನೆಯವರು ಹೊಸ ಮನೆ ಒಕ್ಕಲು ಮಾಡಿದರು. ಮುತ್ತೈದೆಯರಿಗೆ ಉಡಿ ತುಂಬುವುದನ್ನು ಗಾಳಿಗೆಂದು ಮಹಡಿಯ ತೆರೆದ ಮೊಗಸಾಲೆಯಲ್ಲಿ ಇಟ್ಟುಕೊಂಡಿದ್ದರು. ಅದಕ್ಕೆ ಥಳಥಳಿಸುವ ಸ್ಟೀಲಿನ ಕಟಾಂಜನ. ಮಹಾದೇವಕ್ಕ ಹತ್ತಿದಳು, ದೂಡಿದಳು, ಇಳಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕಂಬಗಳನ್ನು ಕಾಂಕ್ರೀಟಿನೊಳಕ್ಕೆ ಇಳಿಸದೆ ಬರೀ ನೆಲದ ಫರಸಿಗೆ ಸ್ಕ್ರೂ ಬಿಗಿದಿದ್ದಾರೆ, ಯಾರೂ ಮೇಲೆ ಹೋಗಕೂಡದು ಎಂದಳು. ಅಳಿಯ ಮಾಲತೇಶ ತಾನೇ ಹೋಗಿ ಅಲುಗಾಡಿಸಿ, ಏನೂ ಆಗಿಲ್ಲ ಎಂದ. ಗಂಡನಿಲ್ಲದವಳು ಉಡಿಯ ಹೊತ್ತಿನಲ್ಲಿ ದಾರಿಗೆ ಅಡ್ಡ ಕುಳಿತದ್ದು ನೆರೆದವರಿಗೆ ಅಪಶಕುನವಾಗಿ ಕಂಡಿತು. ಬೀಗತಿ ಮಂಜವ್ವ ನಗುತ್ತಲೇ ಚುಚ್ಚಿದಳು.

"ಕಟ್ಟಿಗಿ ಮಾರೋರಿಗೆ ಸ್ಟೀಲ್ ಕಂಡ್ರ ಹೊಟ್ಟಿ ಉರೀತೈತಿ, ಅಲ್ಲೇನ್ರಿ ಬೀಗತೇರ?"

ಹೆಂಗಸರೆಲ್ಲ ನಕ್ಕರು. ನೇತ್ರಾ ಅವ್ವನ ಮುಂದೆ ಕುಕ್ಕರಿಸಿದಳು.

"ಅವ್ವಾ, ಏಳ. ನಾಳಿಂದ ಈ ಮನ್ಯಾಗ ಬಾಳೇವು ಮಾಡಾಕಿ ನಾನು."

"ಅದಕ್ಕ ಕುಂತೇನಿ."

ಉಡಿ ಕೆಳಗೇ ತುಂಬಿದರು. ಊಟದ ಪಂಕ್ತಿಯಲ್ಲಿ ಯಾರೂ ಆಕೆಯೊಡನೆ ಮಾತಾಡಲಿಲ್ಲ. ಆಕೆ ಹೋಳಿಗೆಯನ್ನು ಮತ್ತೆ ಹಾಕಿಸಿಕೊಂಡು ಉಂಡಳು. ನಾಗರ ಪಂಚಮಿಗೆ ಮಂಜವ್ವ ಸೊಸೆಯನ್ನು ತವರಿಗೆ ಕಳಿಸಲಿಲ್ಲ. ಮಗಳಿಗೆಂದು ಕಟ್ಟಿದ ಉಂಡಿಗಳನ್ನು ಮಹಾದೇವಕ್ಕ ಅಡ್ಡೆಯ ಆಳುಗಳಿಗೆ ಹಂಚಿದಳು. ತಪ್ಪಾಯಿತೆಂದು ಹೇಳಿ ಕಳಿಸಬಹುದಲ್ಲ ಎಂದೆ, ತಪ್ಪಾಗಿಲ್ಲವಲ್ಲ ಎಂದಳು.

ಮಹಾನವಮಿಗೆ ಮೊದಲು ನಾನು ಶಿಗ್ಗಾವಿಯ ಆ ಮನೆಗೆ ಹೋಗಿದ್ದೆ. ತೊಳೆದ ಕೌದಿಗಳು ಅಂಗಳದ ಗೋಡೆಯ ಮೇಲೆ, ಬೇವಿನ ನೆರಳಿನಲ್ಲಿ, ಒಂದರ ಮೇಲೊಂದು ಒತ್ತೊತ್ತಾಗಿ ಬಿದ್ದಿದ್ದವು. ಮೇಲಿನ ಕಟಾಂಜನ ಖಾಲಿಯಾಗಿ ಹೊಳೆಯುತ್ತಿತ್ತು. ನನ್ನ ಕಣ್ಣು ಹೋದ ಕಡೆ ಮಂಜವ್ವನ ಕಣ್ಣೂ ಹೋಯಿತು.

"ಮ್ಯಾಲ ಬಿಸಲು ಭಾಳರಿ," ಎಂದಳು.

ದೀಪಾವಳಿಗೆ ನೇತ್ರಾ ತವರಿಗೆ ಬಂದಳು. ಜೊತೆಗೆ ಬಂದ ಮಾಲತೇಶ ಅಡ್ಡೆಯಲ್ಲಿ ಅತ್ತಿತ್ತ ಸುಳಿದಾಡಿ, ಸ್ಟೀಲು ಈಗ ಹಳೇ ಫ್ಯಾಶನ್ನಾಯಿತೆಂದು ಪೀಠಿಕೆ ಹಾಕಿ, ಸಾಗವಾನಿ ಕೇಳಿದ. ಮಹಾದೇವಕ್ಕ ಕೋಟಿನ ಜೇಬಿನಿಂದ ಟೇಪು ತೆಗೆದಳು.

"ಕೌದಿ ಎಷ್ಟರಿ, ಅಳಿಯಾರ?"

ನಾನು ಸುಲಭಕ್ಕೆ ಬೆರಗಾಗುವವಳಲ್ಲ; ಆದರೆ ಈಕೆಗೆ ಬೆರಗಾಗಿದ್ದೇನೆ. ಕೆಡುಕನ್ನು ತಡೆಯುವವರಿಗೆ ಸಾಕ್ಷಿ ಸಿಗುವುದಿಲ್ಲ; ಆಗದೇ ಉಳಿದದ್ದನ್ನು ತೋರಿಸಲು ಬರುವುದಿಲ್ಲ. ಅಂಥವರು ತಮ್ಮದೇ ಮಗಳ ಕಣ್ಣೆದುರು ತಪ್ಪಿತಸ್ಥರಾಗಿ ಕೂರಬೇಕಾಗುತ್ತದೆ, ಅಲುಗದೆ. ಉಳಿದವರೆಲ್ಲ ಅವರಿಗೆ ಒರಗಿಕೊಂಡೇ ಕೆಳಗಿನ ಬೀದಿಯನ್ನು ನೋಡುತ್ತಿರುತ್ತಾರೆ.